ಕ್ಯಾನ್ಸಲ್ ಮಾಡಿದರೆ ಒಂದು ಕಡೆ ಮಾರ್ಕ್ಸ್ ಕಟ್, ಇನ್ನೊಂದು ಕಡೆ ಫುಲ್ ಮಾರ್ಕ್ಸ್. ಇದು ಯಾವ ನ್ಯಾಯ?

ಪಿಯುಸಿ_ಪುಟ್ಟಿ
ಎಲ್ಲರಿಗೂ ನಮಸ್ಕಾರ. ಹತ್ತನೇ ಕ್ಲಾಸಿನ ತನಕ ಕನ್ನಡ ಮೀಡಿಯಂ, ಈಗ ಫಸ್ಟ್ ಪಿಯು ಸೈನ್ಸ್. ಮೊಬೈಲಿನಲ್ಲಿ ಘಳಿಗೆಗೊಮ್ಮೆ ಕೀಬೋರ್ಡ್ ಬದಲಾಯಿಸುತ್ತಾ ಕೂರಲು ಆಗಲ್ಲ. ಅದಕ್ಕೆ ಎಕ್ಸ್ ಬರಬೇಕಾದ ಕಡೆ ಕ, ಎಚ್ ಬರಬೇಕಾದ ಕಡೆ ಹ ಅಂತ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಎರಡು ಲೆಕ್ಕ. ಮೊದಲನೆಯದು ಟೆಸ್ಟಿನಲ್ಲಿ ಬಂದಿದ್ದು: ಕ² = 5ಕ ಆದರೆ ಕ ಎಷ್ಟು? ಎರಡೂ ಕಡೆ ಒಂದೊಂದು ಕ ಹೊಡೆದುಹಾಕಿ ಕ = 5 ಅಂತ ಬರೆದೆ. ಮಾರ್ಕ್ಸ್ ಕಟ್. ಪಕ್ಕದಲ್ಲಿ ಕೆಂಪು ಇಂಕಿನಲ್ಲಿ "ಹೀಗೆ ಕ್ಯಾನ್ಸಲ್ ಮಾಡಬಾರದು" ಅಂತ ಇತ್ತು. ಸರಿ ಅಂತ ಸುಮ್ಮನಾದೆ.

ಎರಡನೆಯದು ಆಮೇಲೆ ಬೋರ್ಡಿನ ಮೇಲೆ ಬಂತು. ಕ ಅನ್ನುವುದು 2ರ ಹತ್ತಿರ ಹೋದಾಗ (ಕ² − 4)/(ಕ − 2) ಇದರ ಮಿತಿ (ಲಿಮಿಟ್), ಅಂದರೆ ಅದು ಯಾವ ಸಂಖ್ಯೆಯ ಹತ್ತಿರ ಹೋಗುತ್ತೆ ಅನ್ನುವುದು, ಎಷ್ಟು? ಅದೇ ಸರ್, ಮೇಲೆ ಕೆಳಗೆ (ಕ − 2) ಹೊಡೆದುಹಾಕಿ, ಉಳಿದ ಕ + 2ರಲ್ಲಿ 2 ಹಾಕಿ, ಉತ್ತರ 4 ಅಂದರು. ನಾನು ಎದ್ದು ಕೇಳಿದೆ. "ಅದು ಬೇರೆ ಚಾಪ್ಟರು, ಇದು ಬೇರೆ ಚಾಪ್ಟರು, ಕೂತ್ಕೋ" ಅಂದರು. ಕ್ಲಾಸಿಗೆ ಕ್ಲಾಸೇ ನಕ್ಕಿತು. ಚಾಪ್ಟರ್ ಬದಲಾದರೆ ನಿಯಮವೂ ಬದಲಾಗುತ್ತಾ?

ಟೀ_ಬ್ರೇಕ್
ಮೊದಲನೆಯದರಲ್ಲಿ ಕ = 0 ಹಾಕಿ ನೋಡಿ. 0 = 0 ಬರುತ್ತೆ. ಅದೂ ಉತ್ತರವೇ. ಅದನ್ನು ಬಿಸಾಕಿದ್ದೀರಿ, ಅದಕ್ಕೇ ಮಾರ್ಕ್ಸ್ ಹೋಗಿದೆ. ಮುಗೀತು.

ಪಿಯುಸಿ_ಪುಟ್ಟಿ
ಬಿಸಾಕಿದ್ದು ಗೊತ್ತಾಯಿತು ಅಣ್ಣ. ಯಾವಾಗ ಬಿಸಾಕಬಹುದು, ಯಾವಾಗ ಬಾರದು? ನನ್ನ ಪ್ರಶ್ನೆ ಅದು.

ನಿವೃತ್ತ_ಮೇಷ್ಟ್ರು
ನಗುವವರು ನಗಲಿ ಬಿಡು ಮಗಳೇ, ಕೇಳಬೇಕಾದ್ದನ್ನೇ ಕೇಳಿದ್ದೀಯ.

ಮೊದಲು ಒಂದು ಮಾತು. "ಹೊಡೆದುಹಾಕುವುದು" ಅನ್ನುವ ಕೆಲಸವೇ ಗಣಿತದಲ್ಲಿ ಇಲ್ಲ. ಇರುವುದು ಭಾಗಿಸುವುದು. ನೀನು ಮಾಡಿದ್ದು ಏನೆಂದರೆ ಎರಡೂ ಕಡೆಯನ್ನು ಕ ಇಂದ ಭಾಗಿಸಿದ್ದು. ಸೊನ್ನೆಯಿಂದ ಭಾಗಿಸುವಂತಿಲ್ಲ, ಈ ನಿಯಮ ಎಲ್ಲ ಚಾಪ್ಟರಿಗೂ ಒಂದೇ. ಹಾಗಾಗಿ ಭಾಗಿಸುವ ಸಾಲಿನ ಪಕ್ಕದಲ್ಲಿ ಕಾರಣ ಬರೆಯುವ ಅಭ್ಯಾಸ ಇಟ್ಟುಕೋ: "ಕ ಸೊನ್ನೆ ಅಲ್ಲ, ಆದ್ದರಿಂದ ಕ ಇಂದ ಭಾಗಿಸಿದೆ." ಇಷ್ಟು ಬರೆಯಲು ಹೋದರೆ ಕೈ ತಾನಾಗಿಯೇ ನಿಲ್ಲುತ್ತದೆ. ಕ ಸೊನ್ನೆ ಅಲ್ಲ ಅಂತ ನಿನಗೆ ಹೇಳಿದವರು ಯಾರು? ಕ ಎಷ್ಟು ಅಂತ ಹುಡುಕುವುದೇ ಅಲ್ಲವೇ ಲೆಕ್ಕ!

ಗೊತ್ತಿಲ್ಲದಿದ್ದಾಗ ಭಾಗಿಸುವ ಗೋಜಿಗೇ ಹೋಗಬೇಡ. ಎಲ್ಲವನ್ನೂ ಒಂದೇ ಕಡೆ ತಂದುಕೊಂಡು ಅಪವರ್ತಿಸು.
ಕ² − 5ಕ = 0
ಕ(ಕ − 5) = 0
ಎರಡು ಸಂಖ್ಯೆಗಳ ಗುಣಲಬ್ಧ ಸೊನ್ನೆ ಆದರೆ ಎರಡರಲ್ಲಿ ಒಂದಾದರೂ ಸೊನ್ನೆ ಆಗಿರಲೇಬೇಕು. ಆದ್ದರಿಂದ ಕ = 0 ಅಥವಾ ಕ = 5.

ಇಲ್ಲೇ ಇನ್ನೊಂದು ಗುಂಡಿ ಇದೆ. ಈ ಕೊನೆಯ ಮಾತು ಸೊನ್ನೆಗೆ ಮಾತ್ರ ಸಲ್ಲುತ್ತದೆ. (ಕ − 2)(ಕ − 3) = 6 ಅಂತ ಕೊಟ್ಟರೆ ಅರ್ಧ ಕ್ಲಾಸು ಕ − 2 = 6, ಕ − 3 = 6 ಅಂತ ಬರೆದು 8 ಮತ್ತು 9 ಅನ್ನುತ್ತದೆ. 8 ಹಾಕಿ ನೋಡು, 6 × 5 = 30, ಎಲ್ಲಿಯ 6? ಬಿಡಿಸಿ ಬರೆ: ಕ² − 5ಕ + 6 = 6. ಎರಡೂ ಕಡೆಯಿಂದ 6 ಕಳೆದರೆ ಕ² − 5ಕ = 0. ನಿನ್ನ ಲೆಕ್ಕವೇ ವೇಷ ಹಾಕಿಕೊಂಡು ಬಂದಿತ್ತು.

ಈಗ ಎರಡನೆಯದು. ಮಿತಿಯ ಲೆಕ್ಕದಲ್ಲಿ ಕ ಅನ್ನುವುದು 2ರ ಹತ್ತಿರ ಹತ್ತಿರ ಹೋಗುತ್ತದೆ, ಆದರೆ 2 ಆಗುವುದಿಲ್ಲ. ಇದು ಮಿತಿಯ ಅರ್ಥದಲ್ಲೇ ಇದೆ. 2 ಅಲ್ಲದ ಮೇಲೆ ಕ − 2 ಸೊನ್ನೆ ಅಲ್ಲ. ಸೊನ್ನೆ ಅಲ್ಲದ ಮೇಲೆ ಭಾಗಿಸಬಹುದು.
(ಕ² − 4)/(ಕ − 2) = (ಕ − 2)(ಕ + 2)/(ಕ − 2) = ಕ + 2, ಕ ≠ 2 ಆದ್ದರಿಂದ.
ಕ = 1.9 ಆದರೆ 3.9, 1.99 ಆದರೆ 3.99, ಆ ಕಡೆಯಿಂದ 2.01 ಆದರೆ 4.01. ಎರಡೂ ಕಡೆಯಿಂದ 4ರ ಕಡೆಗೇ ಹೋಗುತ್ತಿದೆ.

ನೋಡಿದೆಯಾ, ನಿಯಮ ಒಂದೇ. ಒಂದು ಕಡೆ ಸೊನ್ನೆ ಅಲ್ಲ ಅನ್ನುವುದಕ್ಕೆ ಆಧಾರ ಇರಲಿಲ್ಲ, ಇನ್ನೊಂದು ಕಡೆ ಇತ್ತು.

ಪಿಯುಸಿ_ಪುಟ್ಟಿ
ಮೇಷ್ಟ್ರೇ, ಸಾವಿರ ಥ್ಯಾಂಕ್ಸ್. ಆದರೆ ತಲೆಹರಟೆ ಅಂದುಕೊಳ್ಳಬೇಡಿ. ಭಾಗಿಸುವಾಗ ಕ ಅನ್ನುವುದು 2 ಅಲ್ಲ ಅಂದಿರಿ. ಭಾಗಿಸಿ ಆದ ಮೇಲೆ ಕ + 2ರಲ್ಲಿ 2 ಹಾಕಿ 4 ಅಂದಿರಿ. ಬೇಕಾದಾಗ 2 ಅಲ್ಲ, ಬೇಕಾದಾಗ 2?

ರಾತ್ರಿಪಾಳಿ
ಈ ಹುಡುಗಿಗೆ ಯಾರಾದರೂ ಒಂದು ಮಸಾಲೆ ದೋಸೆ ಕೊಡಿಸಿ.

ಎಪ್ಸಿಲಾನ್
ಕೊಡಿಸಲೇಬೇಕು. ಯಾಕಂದರೆ ಇದೇ ತಕರಾರನ್ನು 1734ರಲ್ಲಿ ಬಿಷಪ್ ಬರ್ಕ್ಲಿ ತೆಗೆದಿದ್ದರು, ಅದೂ ನ್ಯೂಟನ್ ಪದ್ಧತಿಯ ಮೇಲೆ. ಚಿಕ್ಕದೊಂದು ಏರಿಕೆಯನ್ನು ಮೊದಲು ಸೊನ್ನೆ ಅಲ್ಲ ಅಂತ ಇಟ್ಟುಕೊಂಡು ಭಾಗಿಸುತ್ತೀರಿ, ಆಮೇಲೆ ಸೊನ್ನೆ ಅಂತ ಎಸೆಯುತ್ತೀರಿ, ಇದೆಂಥ ತರ್ಕ ಅಂತ. ಉತ್ತರ ಸರಿ ಬರುತ್ತಿತ್ತು, ಕಾರಣ ಸರಿ ಇರಲಿಲ್ಲ. 1821ರಲ್ಲಿ ಕೋಶಿ, ಆಮೇಲೆ ವೈಯರ್‌ಸ್ಟ್ರಾಸ್ ಮಿತಿಗೆ ಗಟ್ಟಿ ಅರ್ಥ ಕೊಟ್ಟ ಮೇಲೆ ಗಣಿತದವರು ನೆಮ್ಮದಿಯಾಗಿ ಉಸಿರಾಡಿದ್ದು. ಅಂದರೆ ನಿಮ್ಮ ಕ್ಲಾಸು ನಕ್ಕ ಪ್ರಶ್ನೆಗೆ ಉತ್ತರ ಹುಡುಕಲು ಯುರೋಪಿಗೆ ನೂರು ವರ್ಷ ಹಿಡಿಯಿತು.

ಉತ್ತರ ಹೀಗೆ. ಮೊದಲಿನ ಭಿನ್ನರಾಶಿಯೂ ಕ + 2 ಕೂಡ 2ನ್ನು ಬಿಟ್ಟು ಬೇರೆಲ್ಲ ಕಡೆ ಒಂದೇ. ಗ್ರಾಫ್ ಹಾಕಿದರೆ ಎರಡೂ ಒಂದೇ ಸರಳರೇಖೆ. ಮೊದಲಿನದರಲ್ಲಿ (2, 4) ಇರುವ ಜಾಗದಲ್ಲಿ ಒಂದೇ ಒಂದು ಚುಕ್ಕಿ ಇಲ್ಲ, ಅಷ್ಟೇ ವ್ಯತ್ಯಾಸ. ಮಿತಿ ಅನ್ನುವುದು ಆ ಚುಕ್ಕಿಯಲ್ಲಿ ಏನಿದೆ ಅಂತ ನೋಡುವುದೇ ಇಲ್ಲ, ಸುತ್ತಮುತ್ತ ಏನಾಗುತ್ತಿದೆ ಅಂತ ಮಾತ್ರ ನೋಡುತ್ತದೆ. ಹಾಗಾಗಿ ಎರಡರ ಮಿತಿಯೂ ಒಂದೇ. ಕ + 2 ಎಲ್ಲೂ ತುಂಡಾಗದ ರೇಖೆ, ಅದು ಎಲ್ಲಿಗೆ ಹೋಗುತ್ತಿದೆ ಅಂತ ತಿಳಿಯಲು 2 ಹಾಕಿದರೆ ಸಾಕು. ನಾವು 2 ಹಾಕಿದ್ದು ಕ + 2ಕ್ಕೆ. ಮೊದಲಿನ ಭಿನ್ನರಾಶಿಗೆ ಕೊನೆಯವರೆಗೂ 2 ಹಾಕಲೇ ಇಲ್ಲ.

ಹಳೇ_ಓಲೆಗರಿ
ಸೊನ್ನೆಯಿಂದ ಭಾಗಿಸುವ ವಿಷಯ ಬಂದಿದ್ದಕ್ಕೆ ನಂದೂ ಒಂದೆರಡು ಮಾತು ಇರಲಿ. ಬ್ರಹ್ಮಗುಪ್ತರು 628ರಲ್ಲಿ ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಿದರೆ ಸೊನ್ನೆ ಅಂದರು. ನಮ್ಮ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯರು, ಸುಮಾರು 850ರಲ್ಲಿ ಗಣಿತಸಾರಸಂಗ್ರಹ ಬರೆದವರು, ಒಂದು ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಆ ಸಂಖ್ಯೆ ಹಾಗೇ ಉಳಿಯುತ್ತದೆ ಅಂದರು. ಭಾಸ್ಕರಾಚಾರ್ಯರು ಅದನ್ನು ಖಹರ (ಛೇದದಲ್ಲಿ ಸೊನ್ನೆ ಇರುವುದು) ಅಂತ ಕರೆದು ಅನಂತ ಅಂದರು. ಮೂರು ಜನ, ಮೂರೂ ದೊಡ್ಡ ತಲೆಗಳು, ಮೂರು ಉತ್ತರ. ಅದೇ ಮಹಾವೀರಾಚಾರ್ಯರು ಋಣ ಸಂಖ್ಯೆಗೆ ವರ್ಗಮೂಲ ಇಲ್ಲ ಅಂತ ಸ್ಪಷ್ಟವಾಗಿ ಹೇಳಿದ್ದಾರೆ. ಶೋಧಕ (ವರ್ಗ ಸಮೀಕರಣದ ಸೂತ್ರದಲ್ಲಿ ವರ್ಗಮೂಲದೊಳಗೆ ಬರುವ ಸಂಖ್ಯೆ) ಸೊನ್ನೆಗಿಂತ ಕಡಿಮೆ ಬಂದರೆ ವಾಸ್ತವ ಮೂಲಗಳಿಲ್ಲ ಅಂತ ಎಸ್ಸೆಸ್ಸೆಲ್ಸಿಯಲ್ಲಿ ಬರೆಯುತ್ತೀರಲ್ಲ, ಅದರ ಬೇರು ಇಲ್ಲೇ ಇದೆ.

ಅಂದಹಾಗೆ ಎಕ್ಸ್ ಬದಲು ಕನ್ನಡ ಅಕ್ಷರ ಬಳಸಿದ್ದಕ್ಕೆ ಕ್ಷಮೆ ಕೇಳಬೇಕಾಗಿಲ್ಲ. ಭಾಸ್ಕರಾಚಾರ್ಯರೂ ಗೊತ್ತಿಲ್ಲದ ಸಂಖ್ಯೆಗೆ ಯಾ, ಕಾ, ನೀ ಅಂತ ಅಕ್ಷರಗಳನ್ನೇ ಬಳಸಿದ್ದು.

ಸಿಇಟಿ_ಸರದಾರ
ಇತಿಹಾಸ ಎಲ್ಲ ಚೆನ್ನಾಗಿದೆ ಗುರುಗಳೇ, ಆದರೆ ಸಿಇಟಿಯಲ್ಲಿ 60 ಪ್ರಶ್ನೆಗೆ 80 ನಿಮಿಷ. ಕಾರಣ ಬರೆಯುತ್ತಾ ಕೂತರೆ ಗಂಟೆ ಹೊಡೆಯುತ್ತೆ. ಸೊನ್ನೆ ಭಾಗ ಸೊನ್ನೆ ಬಂತಾ, ಲೋಪಿತಾಲ್ ನಿಯಮ ಹಾಕಿ, ಅಂದರೆ ಮೇಲಿನದನ್ನೂ ಕೆಳಗಿನದನ್ನೂ ಬೇರೆ ಬೇರೆಯಾಗಿ ಅವಕಲಿಸಿ (ಡಿಫರೆನ್ಷಿಯೇಟ್ ಮಾಡಿ) ಮಿತಿ ನೋಡಿ. ಮೇಲೆ ಅವಕಲಿಸಿದರೆ 2ಕ, ಕೆಳಗೆ 1, ಕ = 2 ಹಾಕಿದರೆ 4. ಹತ್ತು ಸೆಕೆಂಡು ಸಾಕು.

ಎಪ್ಸಿಲಾನ್
ಸಿಇಟಿಗೆ ಖಂಡಿತ ಮಾಡಿ, ಯಾರೂ ಬೇಡ ಅನ್ನಲ್ಲ. ಬೋರ್ಡ್ ಪರೀಕ್ಷೆಯಲ್ಲಿ ಹಂತ ಹಂತಕ್ಕೂ ಮಾರ್ಕ್ಸ್ ಇರುತ್ತೆ, ಅಲ್ಲಿ ಒಂದೇ ಸಾಲು ಬರೆದರೆ ಒಂದೇ ಸಾಲಿನ ಮಾರ್ಕ್ಸ್. ಇನ್ನೊಂದು ವಿಷಯ. ಅವಕಲನ, ಅಂದರೆ ಗ್ರಾಫಿನ ಇಳಿಜಾರು, ಹುಟ್ಟಿದ್ದೇ ಮಿತಿಯಿಂದ. ಕ ಸೊನ್ನೆಯ ಹತ್ತಿರ ಹೋದಾಗ (ಸೈನ್ ಕ)/ಕ ಇದರ ಮಿತಿ 1 ಅಂತ ತೋರಿಸಲು ಲೋಪಿತಾಲ್ ಹಾಕಿದರೆ, ಸೈನ್‌ನ ಅವಕಲನ ಕೊಸೈನ್ ಅಂತ ಬಳಸಬೇಕು. ಅದನ್ನು ಸಾಧಿಸಲು ಮತ್ತೆ ಇದೇ ಮಿತಿ ಬೇಕು. ಸುತ್ತಿ ಸುತ್ತಿ ಅಲ್ಲಿಗೇ ಬಂದಿರಿ. ಉತ್ತರ ಸಿಕ್ಕಿತು, ಸಾಧನೆ ಸಿಗಲಿಲ್ಲ.

ಸಿಇಟಿ_ಸರದಾರ
ಮಾರ್ಕ್ಸ್ ಸಿಕ್ಕಿತಲ್ಲ 😄

ಟ್ಯೂಷನ್_ಅಕ್ಕ
ನಾನು ಸಂಜೆ ಹೊತ್ತು ಪಿಯು ಮಕ್ಕಳಿಗೆ ಪಾಠ ಹೇಳುತ್ತೇನೆ. ಕ್ಯಾಲ್ಕುಲಸ್ ಬರಲ್ಲ ಅಂತ ಬರುವ ಮಕ್ಕಳ ನೋಟ್‌ಬುಕ್ ತೆಗೆದು ನೋಡಿದರೆ ಕ್ಯಾಲ್ಕುಲಸ್ಸಿನ ತಪ್ಪು ಸಿಗುವುದೇ ಅಪರೂಪ. ಸಿಗುವುದೆಲ್ಲ ಎಂಟನೇ ಕ್ಲಾಸಿನ ಬೀಜಗಣಿತದ ತಪ್ಪು. ಆವರಣದ ಮುಂದಿನ ಮೈನಸ್, ಭಿನ್ನರಾಶಿಯ ಲಸಾಅ, (ಅ + ಬ)²ರಲ್ಲಿ ನಡುವಿನ 2ಅಬ ಮಾಯ. 1/ಕ ಇದರ ಅವಕಲನವನ್ನು ಮೊದಲ ತತ್ವದಿಂದ (ಸಿದ್ಧ ಸೂತ್ರ ಬಳಸದೆ ನೇರ ಮಿತಿಯಿಂದ) ಮಾಡಿಸಿದರೆ ಇವೆಲ್ಲ ಒಟ್ಟಿಗೆ ಹೊರಗೆ ಬರುತ್ತವೆ, ಅದಕ್ಕೆ ಹೊಸದಾಗಿ ಬಂದವರಿಗೆ ನಾನು ಕೊಡುವ ಲೆಕ್ಕ ಅದು. ಪುಟ್ಟಿ, ನೀನೂ ಪೆನ್ನು ತಗೋ.

ಹಂತ 1. ಬರೆಯಬೇಕಾದ್ದು: [1/(ಕ + ಹ) − 1/ಕ] / ಹ. ಇದರ ಮಿತಿ, ಹ ಸೊನ್ನೆಯ ಹತ್ತಿರ ಹೋದಾಗ. ಇಲ್ಲೇ ಕೆಲವರು 1/(ಕ + ಹ) ಅನ್ನು 1/ಕ + 1/ಹ ಅಂತ ಒಡೆಯುತ್ತಾರೆ. ಕ = 1, ಹ = 1 ಹಾಕಿ ನೋಡಿ. ಎಡಗಡೆ ಅರ್ಧ, ಬಲಗಡೆ 2. ಆಗದ ಮಾತು.

ಹಂತ 2. ಮೇಲಿನ ಎರಡು ಭಿನ್ನರಾಶಿಗೆ ಒಂದೇ ಛೇದ ತರಬೇಕು. ಛೇದ ಕ(ಕ + ಹ). ಅಂಶ ಕ − (ಕ + ಹ). ಆವರಣ ಹಾಕದೆ ಕ − ಕ + ಹ ಅಂತ ಬರೆದರೆ ಅಲ್ಲಿಗೆ ಮುಗಿಯಿತು ಕಥೆ. ಆವರಣ ಹಾಕಿದರೆ ಕ − ಕ − ಹ = −ಹ.

ಹಂತ 3. ಈಗ ಇರುವುದು −ಹ / [ಹ × ಕ(ಕ + ಹ)]. ಹ ಸೊನ್ನೆ ಅಲ್ಲ, ಹತ್ತಿರ ಹೋಗುತ್ತಿದೆ ಅಷ್ಟೇ. ಮೇಷ್ಟ್ರು ಹೇಳಿದ ಕಾರಣವನ್ನು ಪಕ್ಕದಲ್ಲಿ ಬರೆದು ಹ ಇಂದ ಭಾಗಿಸಿ. ಉಳಿದದ್ದು −1/[ಕ(ಕ + ಹ)].

ಹಂತ 4. ಈಗ ಛೇದದಲ್ಲಿ ಒಂಟಿ ಹ ಇಲ್ಲ. ಹ ಸೊನ್ನೆಯತ್ತ ಹೋದರೆ ಕ + ಹ ಅನ್ನುವುದು ಕ ಕಡೆಗೆ ಹೋಗುತ್ತದೆ. ಉತ್ತರ −1/ಕ².

ಮೈನಸ್ ಬಿಟ್ಟುಹೋಗಿದೆಯಾ ಅಂತ ನೋಡಲು ಸೂತ್ರವೇ ಬೇಡ. 1/2 ಅಂದರೆ 0.5, 1/2.1 ಅಂದರೆ ಸುಮಾರು 0.476. ಕ ಜಾಸ್ತಿ ಆದಂತೆ 1/ಕ ಕಡಿಮೆ ಆಗುತ್ತಿದೆ, ಅಂದಮೇಲೆ ಇಳಿಜಾರು ಋಣವೇ ಆಗಬೇಕು. −0.024ನ್ನು 0.1ರಿಂದ ಭಾಗಿಸಿದರೆ ಸುಮಾರು −0.24, ಸೂತ್ರ ಹೇಳುವುದು −1/4. ಪಕ್ಕಾ.

ಇನ್ನೊಂದು. ಮೊದಲ ಸಾಲಿನಲ್ಲಿ ಮಿತಿಯ ಚಿಹ್ನೆ ಬರೆದು ಎರಡನೇ ಸಾಲಿನಿಂದ ಮರೆಯಬೇಡಿ. ಹ ಇರುವ ತನಕ ಅದು ಇರಲಿ, ಮಿತಿ ತೆಗೆದ ಸಾಲಿನಲ್ಲಿ ಹೋಗಲಿ. ಮಕ್ಕಳು ಇದರಲ್ಲೇ ಸುಮ್ನೆ ಮಾರ್ಕ್ಸ್ ಕಳೆದುಕೊಳ್ಳುತ್ತಾರೆ.

ಹಳೇ_ಓಲೆಗರಿ
ಉತ್ತರ ಬಿಟ್ಟುಹೋಗುವ ಲೆಕ್ಕ ಆಯಿತು. ಇಲ್ಲದ ಉತ್ತರ ಹುಟ್ಟಿಕೊಳ್ಳುವ ಲೆಕ್ಕವೂ ಒಂದಿರಲಿ. ಭಾಸ್ಕರಾಚಾರ್ಯರ ಲೀಲಾವತಿಯದು, 1150. ಒಂದು ದುಂಬಿಗಳ ಹಿಂಡು. ಹಿಂಡಿನ ಅರ್ಧದ ವರ್ಗಮೂಲದಷ್ಟು ಮಾಲತಿ ಗಿಡಕ್ಕೆ ಹೋದವು. ಇಡೀ ಹಿಂಡಿನ 9ರಲ್ಲಿ 8 ಭಾಗವೂ ಹೋಯಿತು. ಉಳಿದದ್ದು ತಾವರೆಯೊಳಗೆ ಸಿಕ್ಕಿಬಿದ್ದ ಒಂದು ಗಂಡು, ಅದರ ಗುಂಯ್‌ಗುಡುವಿಕೆಗೆ ಹೊರಗಿನಿಂದ ಓಗೊಡುವ ಒಂದು ಹೆಣ್ಣು. ಒಟ್ಟು ಎಷ್ಟು?

ಸಿಇಟಿ_ಸರದಾರ
ಇದು ನನಗಿರಲಿ. √(ಕ/2) + 8ಕ/9 + 2 = ಕ.
ವರ್ಗಮೂಲ ಒಂದು ಕಡೆ: √(ಕ/2) = ಕ/9 − 2.
ಎರಡೂ ಕಡೆ ವರ್ಗ: ಕ/2 = ಕ²/81 − 4ಕ/9 + 4.
162ರಿಂದ ಗುಣಿಸಿದರೆ 81ಕ = 2ಕ² − 72ಕ + 648, ಅಂದರೆ 2ಕ² − 153ಕ + 648 = 0.
ಶೋಧಕ 23409 − 5184 = 18225, ಅದರ ವರ್ಗಮೂಲ 135.
ಕ = (153 ± 135)/4. ಒಂದು 72, ಇನ್ನೊಂದು 4.5.
ನಾಲ್ಕೂವರೆ ದುಂಬಿ ಇರಲ್ಲ, ಉತ್ತರ 72.

ನಿವೃತ್ತ_ಮೇಷ್ಟ್ರು
ಲೆಕ್ಕ ಚೊಕ್ಕಟ. ಕಾರಣ ಮಾತ್ರ ಜಾಳು. ಅರ್ಧ ದುಂಬಿ ಇಲ್ಲ ಅಂತ 4.5ನ್ನು ಬಿಟ್ಟೆ, ನಾಳೆ ದುಂಬಿ ಬದಲು ಲೀಟರ್ ಹಾಲು ಅಂತ ಕೊಟ್ಟರೆ? ಅಲ್ಲಿ ನಾಲ್ಕೂವರೆ ಲೀಟರ್ ಇರುತ್ತದಪ್ಪ. ಮೊದಲಿನ ಸಮೀಕರಣದಲ್ಲಿ 4.5 ಹಾಕಿ ನೋಡು. 2.25ರ ವರ್ಗಮೂಲ 1.5, 8/9 ಭಾಗ 4, ಜೊತೆಗೆ 2. ಒಟ್ಟು 7.5. ಬಲಗಡೆ 4.5. ಸರಿಹೋಗಲೇ ಇಲ್ಲ. 1.5ರ ಜಾಗದಲ್ಲಿ −1.5 ಇದ್ದಿದ್ದರೆ ಸರಿಹೋಗುತ್ತಿತ್ತು. ವರ್ಗ ಮಾಡಿದ ಸಾಲಿನಲ್ಲಿ 1.5, −1.5 ಎರಡೂ 2.25 ಆಗಿಬಿಡುತ್ತವೆ, ಆ ಸಂದಿಯಲ್ಲಿ ನುಸುಳಿ ಬಂದದ್ದು ಇದು. 72 ಹಾಕಿದರೆ 6 + 64 + 2, ಸರಿಯಾಗಿ 72. ಎರಡೂ ಕಡೆ ವರ್ಗ ಮಾಡಿದ ಲೆಕ್ಕದಲ್ಲಿ ಉತ್ತರವನ್ನು ತಿರುಗಿ ಮೊದಲ ಸಾಲಿಗೆ ಹಾಕಿ ನೋಡದೆ ಪೆನ್ನು ಮುಚ್ಚಬಾರದು.

ಕೆರೆ_ಏರಿ
ನಾನು ಓದು ಬಿಟ್ಟು ಬಹಳ ಕಾಲ ಆಯಿತು, ಆದರೂ ಇಲ್ಲಿ ಕೂತು ಓದಿದೆ. ನಿಜವಾದ ಒಂದು ಪ್ರಶ್ನೆ. ಕೆರೆ ಪಕ್ಕ ನಮ್ಮ ಜಾಗ ಇದೆ. 100 ಮೀಟರ್ ತಂತಿ ಇದೆ. ಕೆರೆ ಕಡೆ ಬೇಲಿ ಬೇಡ, ಉಳಿದ ಮೂರು ಕಡೆ ಹಾಕಬೇಕು. ಆಯತಾಕಾರದಲ್ಲಿ ಜಾಸ್ತಿ ಜಾಗ ಸಿಗಬೇಕಾದರೆ ಅಳತೆ ಹೇಗಿರಬೇಕು? ಮೂರು ಕಡೆಗೂ ಸಮ ಹಂಚಿ 33 ಮೀಟರ್ ಹಾಕೋಣ ಅಂತ ನಮ್ಮ ಭಾವ ಹೇಳುತ್ತಾರೆ.

ಟ್ಯೂಷನ್_ಅಕ್ಕ
ಭಾವನವರಿಗೆ ಬೇಡ ಅನ್ನಿ ಅಣ್ಣ. ಕೆರೆಯಿಂದ ಈಚೆ ಬರುವ ಎರಡು ಬದಿ ಕ ಮೀಟರ್ ಆದರೆ ಕೆರೆಗೆ ಎದುರಿನ ಬದಿ 100 − 2ಕ. ವಿಸ್ತೀರ್ಣ ಕ(100 − 2ಕ) = 100ಕ − 2ಕ². ಪುಟ್ಟಿ, ಮುಂದಿನದು ನೀನು ಮಾಡು. ಮೊದಲು ಹತ್ತನೇ ಕ್ಲಾಸಿನ ದಾರಿ, ಆಮೇಲೆ ಪಿಯು ದಾರಿ.

ಪಿಯುಸಿ_ಪುಟ್ಟಿ
ಮಾಡಿದೆ ಅಕ್ಕ.

ಹತ್ತನೇ ಕ್ಲಾಸಿನ ದಾರಿ, ವರ್ಗ ಪೂರ್ಣಗೊಳಿಸುವುದು:
100ಕ − 2ಕ² = −2(ಕ² − 50ಕ)
ಆವರಣದೊಳಗೆ 625 ಕೂಡಿಸಿ ಕಳೆದರೆ −2[(ಕ − 25)² − 625] = 1250 − 2(ಕ − 25)²
ವರ್ಗ ಎಂದೂ ಋಣ ಆಗಲ್ಲ. 1250ರಿಂದ ಏನೋ ಒಂದು ಕಳೆಯುತ್ತಲೇ ಇದ್ದೇವೆ. ಕಳೆಯುವುದು ಸೊನ್ನೆ ಆಗಬೇಕಾದರೆ ಕ = 25.

ಪಿಯು ದಾರಿ, ಮೊದಲ ತತ್ವದಿಂದ:
ಕ ಇದ್ದ ಕಡೆ ಕ + ಹ ಹಾಕಿ, ಮೊದಲಿನದನ್ನು ಕಳೆದರೆ 100ಹ − 4ಕಹ − 2ಹ².
ಹ ಇಂದ ಭಾಗಿಸಿದೆ, ಹ ≠ 0 ಆದ್ದರಿಂದ: 100 − 4ಕ − 2ಹ
ಹ ಸೊನ್ನೆಯತ್ತ ಹೋದರೆ 100 − 4ಕ. ಇದು ಸೊನ್ನೆ ಆಗುವುದು ಕ = 25 ಆದಾಗ. 25ಕ್ಕಿಂತ ಕಡಿಮೆ ಇದ್ದರೆ ಧನ, ಜಾಸ್ತಿ ಇದ್ದರೆ ಋಣ. ಅಂದರೆ ಅಲ್ಲಿವರೆಗೆ ಏರುತ್ತಾ ಬಂದು ಆಮೇಲೆ ಇಳಿಯುತ್ತೆ.

ಅಣ್ಣ, ಎರಡು ಬದಿ 25, ಎದುರಿನ ಬದಿ 50. ಒಟ್ಟು 1250 ಚದರ ಮೀಟರ್. ಭಾವನವರ ಲೆಕ್ಕದಲ್ಲಿ 100/3ರ ವರ್ಗ, ಸುಮಾರು 1111.

ಕೆರೆ_ಏರಿ
139 ಚದರ ಮೀಟರ್ ವ್ಯತ್ಯಾಸವಾ! ಭಾವನಿಗೆ ಫೋನ್ ಮಾಡಿದೆ. ನಂಬಲ್ಲ, ದಾರ ಕಟ್ಟಿ ಅಳೆದು ನೋಡಬೇಕಂತೆ.

ಸಿಇಟಿ_ಸರದಾರ
ಪುಟ್ಟಿಗೆ ನನ್ನ ಕಡೆಯಿಂದ ಒಂದು. ಕ ಸೊನ್ನೆಯ ಹತ್ತಿರ ಹೋದಾಗ [√(ಕ + 4) − 2]/ಕ. ಲೋಪಿತಾಲ್ ಮುಟ್ಟಬಾರದು.

ಪಿಯುಸಿ_ಪುಟ್ಟಿ
ಮೇಲೆ ಕೆಳಗೆ √(ಕ + 4) + 2 ಇಂದ ಗುಣಿಸಿದೆ. ಅದು ಸೊನ್ನೆ ಅಲ್ಲ, ಯಾಕಂದರೆ 2ಕ್ಕಿಂತ ಕಡಿಮೆ ಆಗುವುದೇ ಇಲ್ಲ.
ಅಂಶ: ಕ + 4 − 4 = ಕ
ಛೇದ: ಕ[√(ಕ + 4) + 2]
ಕ ≠ 0, ಕ ಇಂದ ಭಾಗಿಸಿದರೆ 1/[√(ಕ + 4) + 2], ಮಿತಿ 1/4.
ಕ್ಯಾಲ್ಕುಲೇಟರ್ ಇಲ್ಲದೆ ಸರಿ ನೋಡಿದೆ. ಕ = 0.41 ಆದರೆ 4.41ರ ವರ್ಗಮೂಲ 2.1, 0.1/0.41 ಸುಮಾರು 0.244. ಕ = −0.39 ಆದರೆ 3.61ರ ವರ್ಗಮೂಲ 1.9, −0.1/−0.39 ಸುಮಾರು 0.256. ನಡುವೆ 0.25.

ಸಿಇಟಿ_ಸರದಾರ
0.41 ಯಾಕೆ ಹಾಕಿದೆ ಅಂತ ಒಂದು ನಿಮಿಷ ಹೊಳೆಯಲೇ ಇಲ್ಲ. ಮಸ್ತ್.

ನಿವೃತ್ತ_ಮೇಷ್ಟ್ರು
ಭೇಷ್. ಲೆಕ್ಕ ಸರಿ, ಸರಿನೋಡಿದ್ದು ಇನ್ನೂ ಸರಿ. ಆದರೆ ಮಗಳೇ, "2ಕ್ಕಿಂತ ಕಡಿಮೆ ಆಗುವುದೇ ಇಲ್ಲ" ಅನ್ನುವುದಕ್ಕೆ ವರ್ಗಮೂಲದ ಬೆಲೆ ಋಣ ಆಗಲ್ಲ ಅಂತ ನಾಲ್ಕು ಅಕ್ಷರ ಸೇರಿಸು. ಆಮೇಲೆ ಇದೊಂದು ನೋಡು: ಕ ಸೊನ್ನೆಯ ಹತ್ತಿರ ಹೋದಾಗ |ಕ|/ಕ. ಮೇಲೆ ಮಾಡ್ಯುಲಸ್ ಇದೆ, ಅವಸರ ಬೇಡ.

ಪಿಯುಸಿ_ಪುಟ್ಟಿ
ಕ ಧನ ಆದರೆ |ಕ| = ಕ. ಕ ≠ 0, ಭಾಗಿಸಿದರೆ 1.
ಕ ಋಣ ಆದರೆ |ಕ| = −ಕ. ಭಾಗಿಸಿದರೆ −1.
ಭಾಗಿಸಿದ್ದು ಎರಡೂ ಕಡೆ ಸರಿಯಾಗೇ ಇದೆ, ಆದರೆ ಬಲಗಡೆಯಿಂದ ಬಂದರೆ 1, ಎಡಗಡೆಯಿಂದ ಬಂದರೆ −1. ಒಂದೇ ಕಡೆಗೆ ಹೋಗುತ್ತಿಲ್ಲ. ಹಾಗಾದರೆ ಮಿತಿಯೇ ಇಲ್ಲ, ಅಲ್ವಾ ಮೇಷ್ಟ್ರೇ?

ನಿವೃತ್ತ_ಮೇಷ್ಟ್ರು
ಇಲ್ಲ. ಇಲ್ಲ ಅಂತಲೇ ಬರೆ, ಅದಕ್ಕೂ ಪೂರ್ತಿ ಮಾರ್ಕ್ಸ್ ಇದೆ.